ತರಗತಿಯ ಪರಿಭಾಷೆ: ಹೊಸ ಶಿಕ್ಷಕರು ತಿಳಿದಿರಬೇಕಾದದ್ದು

ಡಿ.ಎಡ್. ಅಥವಾ ಬಿ.ಎಡ್. ತರಬೇತಿ ಮುಗಿಸಿ ಕರ್ನಾಟಕದ ಶಾಲೆಯೊಂದಕ್ಕೆ ಹೊಸದಾಗಿ ಬರುವ ಶಿಕ್ಷಕರಿಗೆ ಕಲಿಕಾ ಫಲ, ಸಂರಚನಾವಾದ, ರೂಪಣಾತ್ಮಕ ಮೌಲ್ಯಮಾಪನ, ಸೇತುಬಂಧ, ಪರಿಹಾರ ಬೋಧನೆ ಮುಂತಾದ ಪದಗಳು ಅಪರಿಚಿತವಾಗಿರುವುದಿಲ್ಲ. ಪರೀಕ್ಷೆಗಾಗಿ ಅವುಗಳ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಯೇ ಅವರು ಅಲ್ಲಿಗೆ ಬಂದಿರುತ್ತಾರೆ. ಶಾಲೆಗೆ ಬಂದ ಮೇಲೆ ಇದೇ ಪದಗಳು ದಾಖಲೆ ಪುಸ್ತಕಗಳ ಕಲಂಗಳಾಗಿ ಮತ್ತೆ ಎದುರಾಗುತ್ತವೆ ಮತ್ತು ತುಂಬಿಸಬೇಕಾದ ಕಲಂ ಎಂಬಷ್ಟಕ್ಕೆ ಅವುಗಳ ಅರ್ಥ ಕುಗ್ಗಿಬಿಡುವ ಅಪಾಯವಿರುತ್ತದೆ. ಈ ಪರಿಭಾಷೆಯನ್ನು ವ್ಯಾಖ್ಯೆಯಿಂದಾಗಲಿ ದಾಖಲೆಯಿಂದಾಗಲಿ ಅಲ್ಲದೆ, ಮಗುವಿನ ನೋಟ್‌ಬುಕ್ಕಿನಿಂದ ಅರ್ಥಮಾಡಿಕೊಳ್ಳುವುದು ಹೆಚ್ಚು ಫಲಕಾರಿ. ಹಾಗೆ ನೋಡಿದರೆ, ಮಗು ಈಗ ಎಲ್ಲಿದೆ ಎಂಬುದನ್ನು ಕಂಡುಕೊಳ್ಳುವ ಕೆಲಸವೇ ಉಳಿದೆಲ್ಲ ಪದಗಳಿಗೂ ಆಧಾರ ಎಂಬುದು ತಿಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಪ್ರಕರಣವೂ ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅದಕ್ಕೆ ತಕ್ಕಂತೆ ಹೆಚ್ಚುವರಿ ಬೋಧನೆ ಒದಗಿಸುವುದನ್ನು ಶಿಕ್ಷಕರ ಕರ್ತವ್ಯಗಳಲ್ಲಿ ಒಂದೆಂದು ಹೇಳುತ್ತದೆ. ಅಂದರೆ ಇದು ಆಸಕ್ತ ಶಿಕ್ಷಕರ ಐಚ್ಛಿಕ ಶ್ರಮವಲ್ಲ, ಕಾನೂನು ವಿಧಿಸಿರುವ ಹೊಣೆ.

ಕಲಿಕಾ ಫಲ ಮತ್ತು ಪಾಠಯೋಜನೆ

ಒಂದು ತರಗತಿಯ ಅಥವಾ ಘಟಕದ ಕೊನೆಯಲ್ಲಿ ಮಗು ಏನನ್ನು ಮಾಡಬಲ್ಲದಾಗಿರಬೇಕು ಎಂಬುದನ್ನು ನೋಡಲು, ಕೇಳಲು, ಪರಿಶೀಲಿಸಲು ಸಾಧ್ಯವಾಗುವ ರೀತಿಯಲ್ಲಿ ಹೇಳಿದ ವಾಕ್ಯವನ್ನು ಕಲಿಕಾ ಫಲ ಎನ್ನುತ್ತಾರೆ. ಎನ್.ಸಿ.ಇ.ಆರ್.ಟಿ.ಯು 2017ರಲ್ಲಿ ಪ್ರಾಥಮಿಕ ಹಂತದ ಕಲಿಕಾ ಫಲಗಳ ದಾಖಲೆಯನ್ನು ಹೊರತಂದ ಬಳಿಕ ರಾಜ್ಯಗಳ ಪಾಠಯೋಜನೆಗಳಲ್ಲಿಯೂ ತರಬೇತಿಗಳಲ್ಲಿಯೂ ಈ ಪದ ಹೆಚ್ಚು ಬಳಕೆಗೆ ಬಂದಿತು. ‘ಮಕ್ಕಳಿಗೆ ಭಿನ್ನರಾಶಿಯ ಪರಿಚಯ ಮಾಡಿಕೊಡುವುದು’ ಎಂಬ ವಾಕ್ಯ ಶಿಕ್ಷಕರು ಏನು ಮಾಡುತ್ತಾರೆ ಎಂಬುದನ್ನಷ್ಟೇ ಹೇಳುವುದರಿಂದ ಅದು ಕಲಿಕಾ ಫಲವಾಗುವುದಿಲ್ಲ. ‘ಅರ್ಧ, ಕಾಲು, ಮುಕ್ಕಾಲು ಭಾಗಗಳನ್ನು ಮಗು ವಸ್ತುವಿನಲ್ಲಿಯೂ ಚಿತ್ರದಲ್ಲಿಯೂ ಗುರುತಿಸುತ್ತದೆ’ ಎಂಬ ವಾಕ್ಯ ಮಗು ಏನು ಮಾಡುತ್ತದೆ ಎಂದು ಹೇಳುವುದರಿಂದ ಅದು ಕಲಿಕಾ ಫಲ. ಈ ವ್ಯತ್ಯಾಸ ಸಣ್ಣದಾಗಿ ಕಂಡರೂ ಪರಿಣಾಮ ದೊಡ್ಡದು, ಏಕೆಂದರೆ ಮೊದಲನೆಯ ವಾಕ್ಯವನ್ನು ಬರೆದುಕೊಂಡ ಶಿಕ್ಷಕರು ಪಾಠ ಮುಗಿದಾಗ ಕೆಲಸವೂ ಮುಗಿಯಿತೆಂದು ಭಾವಿಸಬಹುದು, ಎರಡನೆಯದನ್ನು ಬರೆದುಕೊಂಡವರು ಮಕ್ಕಳ ಕೈಗೆ ಕಾಗದ ಕೊಟ್ಟು ಮಡಿಸಲು ಹೇಳದೆ ತರಗತಿಯಿಂದ ಹೊರಡಲಾರರು.

ವಾರ್ಷಿಕ ಯೋಜನೆ, ಘಟಕ ಯೋಜನೆ ಮತ್ತು ಪಾಠಯೋಜನೆ ಎಂಬ ಮೂರು ಹಂತಗಳಲ್ಲಿ ಈ ಫಲಗಳನ್ನು ಕಾಲಕ್ಕೆ ಹೊಂದಿಸಲಾಗುತ್ತದೆ. ಇವುಗಳ ನಮೂನೆಗಳು ಆಗಾಗ ಬದಲಾಗುತ್ತಿರುವುದರಿಂದ ನಮೂನೆಗಿಂತ ಅದರ ಹಿಂದಿನ ಪ್ರಶ್ನೆಗಳನ್ನು ನೆನಪಿಟ್ಟುಕೊಳ್ಳುವುದು ಒಳಿತು: ಮಗುವಿಗೆ ಈಗಾಗಲೇ ಏನು ಗೊತ್ತಿದೆ, ಈ ಅವಧಿಯಲ್ಲಿ ಅದು ಯಾವ ಕೆಲಸ ಮಾಡುತ್ತದೆ, ಅದಕ್ಕೆ ತಿಳಿಯಿತೆಂಬುದು ಯಾವುದರಿಂದ ಗೊತ್ತಾಗುತ್ತದೆ.

ಕಲಿಕಾ ಫಲಗಳನ್ನು ಬರೆಯುವಾಗ ನೆರವಿಗೆ ಬರುವುದು ಬೆಂಜಮಿನ್ ಬ್ಲೂಮ್ ಮತ್ತು ಸಹವರ್ತಿಗಳು 1956ರಲ್ಲಿ ಮಂಡಿಸಿದ ಶೈಕ್ಷಣಿಕ ಉದ್ದೇಶಗಳ ವರ್ಗೀಕರಣ. ಆ್ಯಂಡರ್ಸನ್ ಮತ್ತು ಕ್ರಾಥ್ವೋಲ್ 2001ರಲ್ಲಿ ಪರಿಷ್ಕರಿಸಿದ ರೂಪದಲ್ಲಿ ಸ್ಮರಿಸುವುದು, ಅರ್ಥೈಸುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯೀಕರಿಸುವುದು, ಸೃಜಿಸುವುದು ಎಂಬ ಆರು ಹಂತಗಳಿವೆ. ಪ್ರಶ್ನೆಪತ್ರಿಕೆಯ ನೀಲನಕ್ಷೆ ತಯಾರಿಸುವಾಗ ಯಾವ ಹಂತಕ್ಕೆ ಎಷ್ಟು ಅಂಕ ಎಂದು ಹಂಚುವುದು ಇದರ ಆಧಾರದ ಮೇಲೆಯೇ. ಆದರೆ ಪ್ರಶ್ನೆಯಲ್ಲಿ ‘ವಿಶ್ಲೇಷಿಸಿ’ ಎಂಬ ಕ್ರಿಯಾಪದವಿದ್ದ ಮಾತ್ರಕ್ಕೆ ಮಗು ವಿಶ್ಲೇಷಣೆ ಮಾಡುತ್ತದೆಂದು ಹೇಳಲಾಗದು. ಅದರ ಉತ್ತರವನ್ನು ಹಿಂದಿನ ದಿನವೇ ಕಪ್ಪುಹಲಗೆಯಿಂದ ಬರೆಸಿ ಬಾಯಿಪಾಠ ಮಾಡಿಸಿದ್ದರೆ ಆ ಪ್ರಶ್ನೆ ಅಳೆಯುವುದು ಸ್ಮರಣೆಯನ್ನೇ. ಹಂತ ನಿರ್ಧಾರವಾಗುವುದು ಪ್ರಶ್ನೆಯ ಪದಗಳಿಂದಲ್ಲ, ಉತ್ತರ ಹುಡುಕಲು ಮಗು ತೆಗೆದುಕೊಳ್ಳುವ ಶ್ರಮದಿಂದ. ನೀಲನಕ್ಷೆಗಳನ್ನು ಅತ್ಯಂತ ನಿಷ್ಠೆಯಿಂದ ತಯಾರಿಸುವ ಶಾಲೆಗಳಲ್ಲಿಯೂ ಈ ಅಂಶ ಗಮನಕ್ಕೆ ಬಾರದೇ ಹೋಗುವುದುಂಟು.

ಸಂರಚನಾವಾದ ಮತ್ತು ಶಿಕ್ಷಕರ ಪಾತ್ರ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಾಯಿಪಾಠದಿಂದ ಕಲಿಕೆಯನ್ನು ಬಿಡಿಸಬೇಕು, ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಎಂದು ಹೇಳಿದಾಗ ಅದರ ಹಿಂದಿದ್ದ ಕಲಿಕಾ ಸಿದ್ಧಾಂತವೇ ಸಂರಚನಾವಾದ. ಮಗು ತನಗೆ ಈಗಾಗಲೇ ತಿಳಿದಿರುವುದರ ಮೇಲೆ ಹೊಸ ಅನುಭವಗಳನ್ನು ಜೋಡಿಸಿಕೊಂಡು ತನ್ನ ಅರಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಇದರ ತಿರುಳು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ವಸ್ತುಗಳೊಡನೆ ಮಗು ನಡೆಸುವ ಒಡನಾಟಕ್ಕೆ ಒತ್ತು ಕೊಟ್ಟರೆ, ರಷ್ಯಾದ ಲೆವ್ ವೈಗಾಟ್‌ಸ್ಕಿ ಇತರರೊಡನೆ ಆಡುವ ಮಾತು, ಪಡೆಯುವ ನೆರವು ಮುಖ್ಯವೆಂದರು. ಮಗು ತಾನೊಂದೇ ಮಾಡಬಲ್ಲ ಕೆಲಸಕ್ಕೂ ತಿಳಿದವರ ನೆರವಿನಿಂದ ಮಾಡಬಲ್ಲ ಕೆಲಸಕ್ಕೂ ನಡುವಿನ ಅಂತರವನ್ನು ವೈಗಾಟ್‌ಸ್ಕಿ ಸಮೀಪ ವಿಕಾಸ ವಲಯ ಎಂದು ಕರೆದರು. ಬೋಧನೆ ಪರಿಣಾಮಕಾರಿಯಾಗುವುದು ಈ ವಲಯದಲ್ಲಿ ಮಾತ್ರ, ಏಕೆಂದರೆ ಅದಕ್ಕಿಂತ ಕೆಳಗಿನದು ಮಗುವಿಗೆ ಈಗಾಗಲೇ ಬರುತ್ತದೆ, ಮೇಲಿನದು ನೆರವಿದ್ದರೂ ನಿಲುಕುವುದಿಲ್ಲ. ಈ ವಲಯದಲ್ಲಿ ನೀಡುವ ತಾತ್ಕಾಲಿಕ ನೆರವಿಗೆ ಆಸರೆ ಎಂದು ಹೆಸರು. ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ಚರ್ಚಿಸಿದ ಈ ಕಲ್ಪನೆ ಕಟ್ಟಡಕ್ಕೆ ಕಟ್ಟುವ ಸಾರುವೆಯಂತಹುದು: ಗೋಡೆ ಗಟ್ಟಿಯಾದಂತೆ ಬಿಚ್ಚಿ ತೆಗೆಯದಿದ್ದರೆ ಅದನ್ನು ಕಟ್ಟಿದ ಉದ್ದೇಶವೇ ಈಡೇರುವುದಿಲ್ಲ. ಪ್ರಬಂಧದ ಮೊದಲ ವಾಕ್ಯವನ್ನು ಶಿಕ್ಷಕರು ಜೂನ್ ತಿಂಗಳಿನಲ್ಲಿ ಹೇಳಿಕೊಡುವುದು ಆಸರೆ; ಫೆಬ್ರುವರಿಯಲ್ಲಿಯೂ ಅದನ್ನೇ ಹೇಳಿಕೊಡುತ್ತಿದ್ದರೆ ಅದು ಅವಲಂಬನೆ.

ಕರ್ನಾಟಕದ ಪಾಠಯೋಜನೆಗಳಲ್ಲಿ ಸಂರಚನಾವಾದ ಬಹುಮಟ್ಟಿಗೆ ಐದು ‘ಇ’ಗಳ ಮಾದರಿಯ ರೂಪದಲ್ಲಿ ಬಂದಿದೆ. ತೊಡಗಿಸಿಕೊಳ್ಳುವುದು, ಪರಿಶೋಧಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ ಎಂಬ ಐದು ಹಂತಗಳ ಈ ಮಾದರಿ ಅಮೆರಿಕದ ವಿಜ್ಞಾನ ಬೋಧನೆಯ ಪಠ್ಯಕ್ರಮದಿಂದ ಬಂದದ್ದು. ಹಿಂದಿನ ತಲೆಮಾರಿನ ಶಿಕ್ಷಕರು ಪಾಲಿಸುತ್ತಿದ್ದ ಹರ್ಬಾರ್ಟನ ಹೆಸರಿನ ಹಂತಗಳಲ್ಲಿ ಪೀಠಿಕೆಯ ನಂತರ ಶಿಕ್ಷಕರ ವಿಷಯ ನಿರೂಪಣೆ ಬರುತ್ತಿದ್ದರೆ, ಇಲ್ಲಿ ವಿವರಣೆಗಿಂತ ಮೊದಲೇ ಪರಿಶೋಧನೆ ಬರುತ್ತದೆ ಎಂಬುದೇ ಮುಖ್ಯ ವ್ಯತ್ಯಾಸ. ತೇಲುವುದು, ಮುಳುಗುವುದು ಎಂಬ ಪಾಠವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂದು ಬಹುಪಾಲು ಮಕ್ಕಳು ನಂಬಿರುತ್ತಾರೆ. ಒಂದು ಸಣ್ಣ ಕಬ್ಬಿಣದ ಮೊಳೆ ಮತ್ತು ಅದಕ್ಕಿಂತ ಎಷ್ಟೋ ಪಟ್ಟು ಭಾರದ ಮರದ ತುಂಡನ್ನು ಬಕೆಟ್ಟಿನ ನೀರಿಗೆ ಹಾಕುವ ಮೊದಲು ಏನಾಗುತ್ತದೆಂದು ಊಹಿಸಲು ಹೇಳಿ, ಆ ಊಹೆಗಳನ್ನು ಹಲಗೆಯ ಮೇಲೆ ಬರೆದು, ಆಮೇಲೆ ಮಕ್ಕಳಿಂದಲೇ ನೀರಿಗೆ ಹಾಕಿಸಿದಾಗ ಅವರ ನಂಬಿಕೆ ಮತ್ತು ಕಣ್ಣೆದುರಿನ ಸಂಗತಿ ಪರಸ್ಪರ ವಿರುದ್ಧವಾಗುತ್ತವೆ. ಸಾಂದ್ರತೆಯನ್ನು ಶಿಕ್ಷಕರು ವಿವರಿಸಬೇಕಾದದ್ದು ಆ ಗೊಂದಲ ಹುಟ್ಟಿದ ಮೇಲೆ.

ಸಂರಚನಾವಾದವೆಂದರೆ ಶಿಕ್ಷಕರು ಸುಮ್ಮನಿರಬೇಕು, ಅವರು ಕೇವಲ ಸುಗಮಕಾರರು ಎಂಬ ತಿಳಿವಳಿಕೆ ತರಬೇತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ಸಿದ್ಧಾಂತವನ್ನು ಅರ್ಧ ಓದಿದ್ದರ ಫಲ. ಐದು ಹಂತಗಳಲ್ಲಿ ವಿವರಣೆಗೂ ಒಂದು ಹಂತವಿದೆ ಎಂಬುದನ್ನು ಮರೆಯಬಾರದು. ಚಟುವಟಿಕೆ ಮುಗಿದು ಮಕ್ಕಳು ಖುಷಿಯಾಗಿದ್ದಾರೆಂಬುದು ಅವರು ಕಲಿತಿದ್ದಾರೆಂಬುದಕ್ಕೆ ಸಾಕ್ಷಿಯಲ್ಲ. ವಿಷಯವನ್ನು ಬಲ್ಲವರೆಲ್ಲ ಅದನ್ನು ಕಲಿಸಬಲ್ಲವರಾಗಿರುವುದಿಲ್ಲ, ಪ್ರತಿಯೊಂದು ವಿಷಯವನ್ನೂ ಕಲಿಸಲು ಅದಕ್ಕೇ ವಿಶಿಷ್ಟವಾದ ತಿಳಿವಳಿಕೆ ಬೇಕು ಎಂದು ಲೀ ಶುಲ್ಮನ್ 1986ರಲ್ಲಿ ಮಂಡಿಸಿದ ವಿಚಾರವೂ ಇಲ್ಲಿ ಪ್ರಸ್ತುತ. ಯಾವ ಉದಾಹರಣೆ ಎಲ್ಲಿ ನೆರವಾಗುತ್ತದೆ, ಯಾವ ಜಾಗದಲ್ಲಿ ಮಕ್ಕಳು ಎಡವುತ್ತಾರೆ ಎಂಬ ಈ ಅರಿವು ಪಠ್ಯಪುಸ್ತಕದಲ್ಲಿ ಸಿಗದೆ, ಮಕ್ಕಳ ತಪ್ಪುಗಳನ್ನು ಓದುವುದರಿಂದ ಬೆಳೆಯುತ್ತದೆ.

ತಪ್ಪುಗಳನ್ನು ಓದುವುದು

ಐವತ್ತೆರಡರಿಂದ ಇಪ್ಪತ್ತೇಳನ್ನು ಕಳೆಯಲು ಹೇಳಿದಾಗ ಮಗುವೊಂದು 35 ಎಂದು ಬರೆದರೆ, ಕೆಂಪು ಶಾಯಿಯ ಅಡ್ಡಗೆರೆ ಎಳೆದು ಮುಂದೆ ಹೋಗುವುದು ಸುಲಭ. ಆದರೆ ಆ ಉತ್ತರ ಬಂದ ದಾರಿ ಸ್ಪಷ್ಟವಿದೆ: ಬಿಡಿ ಸ್ಥಾನದಲ್ಲಿ ಎರಡರಿಂದ ಏಳನ್ನು ಕಳೆಯಲಾಗದೆ ಮಗು ಏಳರಿಂದ ಎರಡನ್ನು ಕಳೆದು ಐದು ಎಂದು ಬರೆದಿದೆ, ಹತ್ತರ ಸ್ಥಾನದಲ್ಲಿ ಸರಿಯಾಗಿಯೇ ಕಳೆದಿದೆ. ಯಾವಾಗಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ಅದು ತನಗೆ ತಾನೇ ಮಾಡಿಕೊಂಡಿದೆ, ಬಹುಶಃ ಹಿಂದಿನ ವರ್ಷ ಯಾರೋ ಹಾಗೆಯೇ ಹೇಳಿಕೊಟ್ಟಿದ್ದಾರೆ. ಇಂತಹ ತಪ್ಪನ್ನು ಪರಿಕಲ್ಪನಾ ದೋಷ ಎನ್ನುತ್ತಾರೆ. ಅಜಾಗರೂಕತೆಯಿಂದ ಆಗುವ ತಪ್ಪಿಗಿಂತ ಇದು ಭಿನ್ನ, ಏಕೆಂದರೆ ಇದು ಪ್ರತಿ ಲೆಕ್ಕದಲ್ಲಿಯೂ ಒಂದೇ ಬಗೆಯಲ್ಲಿ ಮರುಕಳಿಸುತ್ತದೆ. 0.5ಕ್ಕಿಂತ 0.35 ದೊಡ್ಡದು ಎನ್ನುವ ಆರನೇ ತರಗತಿಯ ಮಗುವೂ, ಐದಕ್ಕಿಂತ ಮೂವತ್ತೈದು ದೊಡ್ಡದೆಂಬ ಹಳೆಯ ಸರಿಯಾದ ಅರಿವನ್ನು ಹೊಸ ಜಾಗಕ್ಕೆ ಹೊತ್ತು ತಂದಿದೆಯೇ ಹೊರತು ದಡ್ಡತನ ತೋರಿಸುತ್ತಿಲ್ಲ.

ಕನ್ನಡ ಬರವಣಿಗೆಯಲ್ಲಿ ಈ ಓದುವಿಕೆಗೆ ಇನ್ನಷ್ಟು ಸೂಕ್ಷ್ಮತೆ ಬೇಕು. ‘ಅಮ್ಮ’ ಎಂಬುದನ್ನು ‘ಅಮಮ’ ಎಂದು ಬರೆಯುವ ಮಗುವಿಗೆ ಒತ್ತಕ್ಷರದ ಕಲ್ಪನೆ ಇನ್ನೂ ಕೂಡಿಲ್ಲ. ‘ಕಥೆ’ಯನ್ನು ‘ಕತೆ’ ಎಂದು ಬರೆಯುವ ಮಗು ತಾನು ಕೇಳಿದ ಉಚ್ಚಾರಣೆಯನ್ನೇ ಬರೆದಿದೆ; ‘ಕತೆ’ ಎಂಬ ರೂಪವನ್ನು ಕನ್ನಡದ ಲೇಖಕರೇ ಬಳಸುವಾಗ ಅದನ್ನು ತಪ್ಪೆಂದು ಹೊಡೆದುಹಾಕುವ ಆತುರ ಸಲ್ಲದು. ‘ಹಕ್ಕಿ’ಯನ್ನು ‘ಅಕ್ಕಿ’ ಎಂದು ಬರೆಯುವ ಮಗು ಮನೆಯ ಆಡುನುಡಿಯಲ್ಲಿ ಹಕಾರವಿಲ್ಲದ ಊರಿನಿಂದ ಬಂದಿರಬಹುದು. ಒಂದೇ ಬಗೆಯ ಕೆಂಪು ಗುರುತು ಪಡೆಯುವ ಈ ಮೂರಕ್ಕೂ ಮಾಡಬೇಕಾದದ್ದು ಬೇರೆ ಬೇರೆ: ಮೊದಲನೆಯದಕ್ಕೆ ಒತ್ತಕ್ಷರದ ಪಾಠವನ್ನು ಮತ್ತೆ ಬುಡದಿಂದ ಕಟ್ಟಬೇಕು, ಎರಡನೆಯದಕ್ಕೆ ಎರಡೂ ರೂಪಗಳಿವೆಯೆಂದು ತಿಳಿಸಿದರೆ ಸಾಕು, ಮೂರನೆಯದಕ್ಕೆ ಮಗುವಿನ ಮಾತನ್ನು ಹಳಿಯದೆ ಬರಹದ ರೂಪವನ್ನು ಅದರ ಪಕ್ಕದಲ್ಲಿಟ್ಟು ತೋರಿಸಬೇಕು.

ತಪ್ಪಿನ ಮೂಲ ಹುಡುಕಲೆಂದೇ ರೂಪಿಸಿದ ಪರೀಕ್ಷೆ ನೈದಾನಿಕ ಪರೀಕ್ಷೆ. ಅದರ ಆಧಾರದ ಮೇಲೆ ನಡೆಯುವುದು ಪರಿಹಾರ ಬೋಧನೆ. ನೈದಾನಿಕ ಪರೀಕ್ಷೆಗೆ ಒಟ್ಟು ಅಂಕ ಮುಖ್ಯವಲ್ಲ. ಹತ್ತಕ್ಕೆ ನಾಲ್ಕು ಬಂದಿದೆ ಎಂಬುದಕ್ಕಿಂತ, ದಶಕ ತೆಗೆದುಕೊಳ್ಳಬೇಕಾದ ಆರು ಲೆಕ್ಕಗಳೂ ತಪ್ಪಿವೆ ಎಂಬ ಮಾಹಿತಿಯೇ ಮುಂದಿನ ದಾರಿ ತೋರಿಸುತ್ತದೆ. ಪರಿಹಾರ ಬೋಧನೆಯೆಂದರೆ ಅದೇ ಪಾಠವನ್ನು ಅದೇ ರೀತಿಯಲ್ಲಿ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳುವುದಲ್ಲ. ಮೊದಲು ಕಪ್ಪುಹಲಗೆಯಲ್ಲಿ ಹೇಳಿದ್ದನ್ನು ಈಗ ಹತ್ತರ ಕಡ್ಡಿಕಟ್ಟು ಬಿಚ್ಚಿ ಬಿಡಿಗಳಾಗಿ ಎಣಿಸುವ ಮೂಲಕ ಮಾಡಿಸುವುದು. ಶಾಲೆ ಆರಂಭವಾದಾಗ ಹಿಂದಿನ ತರಗತಿಯ ಕಲಿಕೆಯನ್ನು ಪೂರ್ವ ಪರೀಕ್ಷೆಯಿಂದ ಗುರುತಿಸಿ, ಕೊರತೆಗಳನ್ನು ತುಂಬಿ, ಸಾಫಲ್ಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವ ಸೇತುಬಂಧ ಕಾರ್ಯಕ್ರಮ ಇದೇ ತತ್ವದ ವ್ಯವಸ್ಥಿತ ರೂಪ. ಕೋವಿಡ್ ಕಾಲದ ಶಾಲಾ ಮುಚ್ಚುವಿಕೆಯ ನಂತರ 2022-23ರಲ್ಲಿ ರಾಜ್ಯ ಕೈಗೊಂಡ ಕಲಿಕಾ ಚೇತರಿಕೆ ಇದನ್ನು ಇಡೀ ವರ್ಷಕ್ಕೆ ವಿಸ್ತರಿಸಿತು. ಸೇತುಬಂಧದ ದಾಖಲೆಗಳು ಜುಲೈಯಲ್ಲಿ ಬೀರು ಸೇರಿದರೂ ಕಲಿಕೆಯ ಅಂತರ ಅಲ್ಲಿಗೆ ಮುಗಿಯುವುದಿಲ್ಲ ಎಂಬುದು ಪ್ರತಿ ಶಾಲೆಗೂ ಗೊತ್ತಿರುವ ಸತ್ಯ.

ಮೌಲ್ಯಮಾಪನದ ಎರಡು ಮುಖಗಳು

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣದಲ್ಲಿಯೇ ಹೇಳಿರುವ ಪದ್ಧತಿ. ಬೋಧನೆ ನಡೆಯುತ್ತಿರುವಾಗ, ಮುಂದಿನ ಬೋಧನೆಯನ್ನು ತಿದ್ದಿಕೊಳ್ಳಲೆಂದು ಮಾಡುವುದು ರೂಪಣಾತ್ಮಕ ಮೌಲ್ಯಮಾಪನ. ಒಂದು ಅವಧಿಯ ಕೊನೆಯಲ್ಲಿ ಒಟ್ಟು ಕಲಿಕೆಯನ್ನು ಅಳೆಯಲು ಮಾಡುವುದು ಸಂಕಲನಾತ್ಮಕ ಮೌಲ್ಯಮಾಪನ. ಮೈಕೆಲ್ ಸ್ಕ್ರಿವನ್ 1967ರಲ್ಲಿ ಪಠ್ಯಕ್ರಮಗಳ ಮೌಲ್ಯಮಾಪನದ ಸಂದರ್ಭದಲ್ಲಿ ಮಾಡಿದ ಈ ವಿಂಗಡಣೆ ಆನಂತರ ಮಕ್ಕಳ ಕಲಿಕೆಗೂ ವಿಸ್ತರಿಸಿತು. ಕರ್ನಾಟಕದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಎಫ್.ಎ., ಎಸ್.ಎ. ಎಂಬ ಹೆಸರಿನಿಂದ ರೂಢಿಯಲ್ಲಿವೆ. ವೀಕ್ಷಣೆ, ಸಂದರ್ಶನ, ಪರೀಕ್ಷೆ ಮುಂತಾದವು ಮೌಲ್ಯಮಾಪನದ ತಂತ್ರಗಳಾದರೆ, ಅವುಗಳಿಗೆ ಬಳಸುವ ತಪಶೀಲು ಪಟ್ಟಿ, ಶ್ರೇಣಿ ಮಾಪನ, ಪ್ರಶ್ನಾವಳಿ ಇತ್ಯಾದಿ ಸಾಧನಗಳು. ಮಗುವಿನ ಬರಹ, ಚಿತ್ರ, ಯೋಜನಾ ಕಾರ್ಯಗಳನ್ನು ಕಾಲಾನುಕ್ರಮದಲ್ಲಿ ಸಂಗ್ರಹಿಸಿಡುವುದು ಕೃತಿ ಸಂಪುಟ.

ರೂಪಣಾತ್ಮಕ ಮೌಲ್ಯಮಾಪನಕ್ಕೆ ದಿನಾಂಕ ಗೊತ್ತುಪಡಿಸಿ, ಪ್ರಶ್ನೆಪತ್ರಿಕೆ ಕೊಟ್ಟು, ಅಂಕ ದಾಖಲಿಸಿ ಮುಗಿಸಿದಾಗ ಅದು ಕಿರುಗಾತ್ರದ ಸಂಕಲನಾತ್ಮಕ ಪರೀಕ್ಷೆಯಾಗಿಬಿಡುತ್ತದೆ. ಅಂಕ ಕಂಡ ಮಗು ಪಕ್ಕದ ಟಿಪ್ಪಣಿಯನ್ನು ಓದುವುದಿಲ್ಲ ಎಂಬ ಶಿಕ್ಷಕರ ಅನುಭವಕ್ಕೆ ಸಂಶೋಧನೆಯ ಬೆಂಬಲವೂ ಇದೆ: ಇಸ್ರೇಲಿನ ಶಾಲಾ ಮಕ್ಕಳ ಬಗ್ಗೆ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇವಲ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು, ಟಿಪ್ಪಣಿಯೊಡನೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಮಗುವಿಗೆ ಮರಳಿ ಕೊಡುವ ಈ ಬಗೆಯ ಸೂಚನೆಯೇ ಹಿಮ್ಮಾಹಿತಿ. ‘ಚೆನ್ನಾಗಿದೆ’, ‘ಇನ್ನೂ ಪ್ರಯತ್ನಿಸು’ ಎಂಬ ಮಾತುಗಳಲ್ಲಿ ಮಾಹಿತಿಯಿಲ್ಲ. ‘ಮೂರನೆಯ ವಾಕ್ಯದಲ್ಲಿ ಕರ್ತೃ ಯಾರೆಂದು ತಿಳಿಯುತ್ತಿಲ್ಲ, ಹೆಸರು ಸೇರಿಸಿ ಮತ್ತೆ ಬರೆ’ ಎಂಬುದರಲ್ಲಿ ಇದೆ.

ರೂಪಣಾತ್ಮಕ ಮೌಲ್ಯಮಾಪನದ ಅತ್ಯಂತ ಅಗ್ಗದ, ಅತ್ಯಂತ ಕಡೆಗಣಿಸಲ್ಪಟ್ಟ ಸಾಧನ ತರಗತಿಯ ಪ್ರಶ್ನೆ. ‘ಅರ್ಥವಾಯಿತೇ?’ ಎಂಬ ಪ್ರಶ್ನೆಗೆ ಇಡೀ ತರಗತಿ ಒಕ್ಕೊರಲಿನಿಂದ ‘ಆಯಿತು’ ಎನ್ನುವುದು ಶಿಷ್ಟಾಚಾರವೇ ಹೊರತು ಮಾಹಿತಿಯಲ್ಲ. ಅಮೆರಿಕದ ಮೇರಿ ಬಡ್ ರೋವ್ 1970ರ ದಶಕದಲ್ಲಿ ತರಗತಿಗಳನ್ನು ಪರಿಶೀಲಿಸಿ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಕೂಡ ಕಾಯುವುದಿಲ್ಲವೆಂದೂ, ಆ ಕಾಯುವ ಅವಧಿಯನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ತಾವಾಗಿಯೇ ಮಾತನಾಡುತ್ತಾರೆಂದೂ ತೋರಿಸಿದರು. ಪ್ರಶ್ನೆಯನ್ನು ಮೊದಲು ಇಡೀ ತರಗತಿಗೆ ಕೇಳಿ, ಮೂರು ಸೆಕೆಂಡು ಕಾದು, ಆಮೇಲೆ ಹೆಸರು ಕರೆಯುವುದು ಉತ್ತಮ. ಹೆಸರು ಮೊದಲು ಬಂದರೆ ಉಳಿದವರು ಯೋಚಿಸುವುದನ್ನು ನಿಲ್ಲಿಸುತ್ತಾರೆ.

ನಲಿ ಕಲಿ ಮತ್ತು ಬಹುವರ್ಗ ಬೋಧನೆ

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಬರುವ ಶಿಕ್ಷಕರು ಬಹುವರ್ಗ ಬೋಧನೆಯನ್ನು, ಅಂದರೆ ಒಬ್ಬರೇ ಶಿಕ್ಷಕರು ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳನ್ನು ಕಲಿಸುವ ಸ್ಥಿತಿಯನ್ನು, ಬಹಳ ಬೇಗ ಎದುರಿಸುತ್ತಾರೆ. ಕರ್ನಾಟಕ ಇದಕ್ಕೆ ಕಂಡುಕೊಂಡ ಉತ್ತರ ನಲಿ ಕಲಿ. ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಕಟ್ಟಿ ಬೆಳೆಸಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ, ಆನಂತರ 3ನೇ ತರಗತಿಗೂ ವಿಸ್ತರಿಸಿತು. ಇಲ್ಲಿ ಪಠ್ಯವನ್ನು ಮೈಲಿಗಲ್ಲುಗಳಾಗಿ, ಅವುಗಳನ್ನು ಕಾರ್ಡುಗಳಾಗಿ ಒಡೆದು ಕಲಿಕಾ ಏಣಿಯ ಮೇಲೆ ಜೋಡಿಸಲಾಗುತ್ತದೆ, ಮತ್ತು ಪ್ರತಿ ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಗೈರುಹಾಜರಾದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ರ, ಗ, ಸ, ದ ಮುಂತಾದ, ಬರೆಯಲು ಸುಲಭವಾದ, ಕೂಡಲೇ ಪದ ಕಟ್ಟಲು ಒದಗುವ ಅಕ್ಷರಗಳಿಂದ ಆರಂಭಿಸುವುದು ಇದರ ಇನ್ನೊಂದು ವೈಶಿಷ್ಟ್ಯ.

ಮಕ್ಕಳು ಕುಳಿತುಕೊಳ್ಳುವ ಐದು ಗುಂಪುಗಳನ್ನು ಗಮನಿಸಿದರೆ ವೈಗಾಟ್‌ಸ್ಕಿಯ ವಿಚಾರ ಕೋಣೆಯ ನೆಲದ ಮೇಲೆಯೇ ಹರಡಿಕೊಂಡಿರುವುದು ಕಾಣುತ್ತದೆ: ಶಿಕ್ಷಕರ ಪೂರ್ಣ ನೆರವು, ಅವರ ಭಾಗಶಃ ನೆರವು, ಸಹಪಾಠಿಗಳ ಪೂರ್ಣ ನೆರವು, ಅವರ ಭಾಗಶಃ ನೆರವು, ಕೊನೆಗೆ ಸ್ವಕಲಿಕೆ. ಈ ವ್ಯವಸ್ಥೆ ಸಫಲವಾಗುವುದು ಶಿಕ್ಷಕರು ಮೊದಲ ಗುಂಪಿನೊಡನೆ ನಿಜವಾಗಿಯೂ ಕುಳಿತಾಗ. ಎಲ್ಲ ಗುಂಪುಗಳ ನಡುವೆಯೂ ಓಡಾಡುತ್ತ ಕಾರ್ಡು ಹಂಚುವುದರಲ್ಲಿಯೇ ಸಮಯ ಕಳೆದರೆ ಹೊಸ ಕಲಿಕೆ ಯಾವ ಗುಂಪಿನಲ್ಲಿಯೂ ನಡೆಯುವುದಿಲ್ಲ.

ಮನೆಮಾತು, ಭಯಮುಕ್ತ ತರಗತಿ ಮತ್ತು ಒಳಗೊಳ್ಳುವಿಕೆ

ಕನ್ನಡ ಮಾಧ್ಯಮದ ಶಾಲೆಯೆಂದ ಮಾತ್ರಕ್ಕೆ ಅಲ್ಲಿಯ ಮಕ್ಕಳ ಮನೆಮಾತು ಕನ್ನಡವೆಂದು ಭಾವಿಸಲಾಗದು. ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕೊಡಗಿನಲ್ಲಿ ಕೊಡವ, ತಾಂಡಾಗಳಲ್ಲಿ ಲಂಬಾಣಿ, ಗಡಿ ಜಿಲ್ಲೆಗಳಲ್ಲಿ ತೆಲುಗು ಮತ್ತು ಮರಾಠಿ, ಅನೇಕ ಪಟ್ಟಣಗಳಲ್ಲಿ ಉರ್ದು ಆಡುವ ಮಕ್ಕಳಿಗೆ ಶಾಲೆಯ ಕನ್ನಡ ಎರಡನೆಯ ಭಾಷೆ. ಇಂತಹ ಮಗು ಮೊದಲ ತಿಂಗಳುಗಳಲ್ಲಿ ಮೌನವಾಗಿದ್ದರೆ ಅದನ್ನು ಕಲಿಕಾ ನ್ಯೂನತೆಯೆಂದು ದಾಖಲಿಸುವುದು ಗಂಭೀರ ತಪ್ಪು. ಅದು ಭಾಷೆಯನ್ನು ಕೇಳಿಸಿಕೊಳ್ಳುತ್ತಿರುವ ಕಾಲ. ಮನೆಮಾತಿನಲ್ಲಿ ಉತ್ತರಿಸಲು ಅವಕಾಶ ಕೊಟ್ಟು, ಅದೇ ಮನೆಮಾತಿನ ಹಿರಿಯ ಮಗುವನ್ನು ಜೊತೆಗೆ ಕೂರಿಸಿ, ಕ್ರಮೇಣ ಕನ್ನಡಕ್ಕೆ ದಾಟಿಸುವುದನ್ನು ಬಹುಭಾಷಾ ಬೋಧನೆ ಎನ್ನಲಾಗುತ್ತದೆ. 3ನೇ ತರಗತಿಯ ಹೊತ್ತಿಗೆ ಪ್ರತಿ ಮಗು ಅರ್ಥಪೂರ್ಣವಾಗಿ ಓದಬೇಕು, ಸರಳ ಲೆಕ್ಕ ಮಾಡಬೇಕು ಎಂಬ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನದ ಗುರಿಯನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮುಂದಿಟ್ಟಿದೆ, 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಅದನ್ನು ಕಾರ್ಯಕ್ರಮವಾಗಿಸಿದೆ. ಮಾತನಾಡಲು ಬಾರದ ಭಾಷೆಯಲ್ಲಿ ಓದು ಕಲಿಯಬೇಕಾದ ಮಗುವಿಗೆ ಈ ಗುರಿ ತಲುಪಲು ಮೊದಲು ಮಾತಿನ ಅವಕಾಶ ಸಿಗಬೇಕು.

ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ನಿಷೇಧಿಸಿದೆ. ಇಡೀ ತರಗತಿಯೆದುರು ಅಂಕಗಳನ್ನು ಓದಿ ಹೀಯಾಳಿಸುವುದು, ಅಡ್ಡಹೆಸರಿನಿಂದ ಕರೆಯುವುದು ಇವೂ ಮಗುವನ್ನು ಮಾನಸಿಕವಾಗಿ ನೋಯಿಸುವ ವರ್ತನೆಗಳೇ ಎಂಬುದನ್ನು ಹೊಸಬರು ತಿಳಿದಿರಬೇಕು. ವಿಶೇಷ ಅಗತ್ಯವುಳ್ಳ ಮಕ್ಕಳ ಬಗ್ಗೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ನಿರ್ದಿಷ್ಟ ಕಲಿಕಾ ತೊಂದರೆಗಳೂ ಅವುಗಳಲ್ಲಿ ಸೇರಿವೆ. ಇವುಗಳನ್ನು ನಿರ್ಧರಿಸುವುದು ತಜ್ಞರ ಕೆಲಸ. ಅಕ್ಷರಗಳು ತಿರುವುಮುರುವಾಗುವುದು, ಹಲಗೆಯಿಂದ ನಕಲು ಮಾಡಲು ಕಷ್ಟಪಡುವುದು, ಕರೆದಾಗ ತಿರುಗಿ ನೋಡದಿರುವುದು ಮುಂತಾದವನ್ನು ದಿನಾಂಕ ಸಹಿತ ಬರೆದಿಟ್ಟು ತಿಳಿಸುವುದು ಶಿಕ್ಷಕರ ಕೆಲಸ. ದೃಷ್ಟಿ ಅಥವಾ ಶ್ರವಣ ಪರೀಕ್ಷೆ ಮಾಡಿಸದೆಯೇ ನಿಧಾನ ಕಲಿಕೆಯ ಮಗು ಎಂಬ ಹಣೆಪಟ್ಟಿ ಹಚ್ಚಬಾರದು.

ಈ ಕೆಲಸದಲ್ಲಿ ಹೊಸ ಶಿಕ್ಷಕರು ಒಂಟಿಯಲ್ಲ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಸಮೂಹ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಮತ್ತು ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.) ಎಂಬ ವ್ಯವಸ್ಥೆ ಅವರ ಹಿಂದಿದೆ. ಸಿ.ಆರ್.ಪಿ. ಶಾಲೆಗೆ ಭೇಟಿ ನೀಡಿದಾಗ ದಾಖಲೆಗಳನ್ನು ತೋರಿಸಿ ಸಹಿ ಪಡೆಯುವುದು ರೂಢಿ. ಅದರ ಜೊತೆಗೆ ಎಡವುತ್ತಿರುವ ಇಬ್ಬರು ಮೂವರು ಮಕ್ಕಳ ನೋಟ್‌ಬುಕ್ಕುಗಳನ್ನು ಮುಂದಿಟ್ಟು, ಒಂದೇ ತಪ್ಪು ಎಲ್ಲೆಲ್ಲಿ ಮರುಕಳಿಸಿದೆ ಎಂದು ತೋರಿಸಿ, ಸಮಾಲೋಚನಾ ಸಭೆಯಲ್ಲಿ ಅದನ್ನೇ ಚರ್ಚೆಗೆ ಎತ್ತಿಕೊಳ್ಳುವಂತೆ ಕೇಳಬಹುದು. ಅಂತಹ ಒಂದು ಸಮಸ್ಯೆಯನ್ನು ಆಯ್ದು, ಒಂದು ಉಪಾಯವನ್ನು ಕೆಲವು ವಾರ ಪ್ರಯೋಗಿಸಿ, ಮೊದಲಿನ ಮತ್ತು ನಂತರದ ಬರಹಗಳನ್ನು ಹೋಲಿಸಿ ಬರೆದಿಡುವುದನ್ನೇ ಕ್ರಿಯಾ ಸಂಶೋಧನೆ ಎನ್ನುವುದು. ಅದಕ್ಕೆ ದೊಡ್ಡ ಮಾದರಿಯಾಗಲಿ ಸಂಖ್ಯಾಶಾಸ್ತ್ರವಾಗಲಿ ಬೇಕಿಲ್ಲ. ದಶಕ ತೆಗೆದುಕೊಂಡು ಕಳೆಯಲು ಎಡವುತ್ತಿರುವ ನಾಲ್ಕನೇ ತರಗತಿಯ ಎಂಟು ಮಕ್ಕಳು ಸಾಕು.